ಗಿರಿಜಾಂಬನವರ ಬೀದಿ ಕಾಣುವ ಮಹಡಿ

ನಾನು ಗೊತ್ತುಮಾಡುವ ಹೋಟೆಲ್ಲಿನ ದೆಸೆಯಿಂದ ಸರ್ವಮಂಗಳೆಯ ಮದುವೆ ತಪ್ಪಿಹೋದರೆ ಏನು ಗತಿ? ಈ ಚಿಂತೆ ಹತ್ತಿಕೊಂಡದ್ದು ಬಿಡಲೇ ಇಲ್ಲ. ಹಾಲು ಕಾಯಿಸುವಾಗಲೂ ಅದೇ, ಪುಟ್ಟಿಗೆ ಎಣ್ಣೆ ಒತ್ತುವಾಗಲೂ ಅದೇ. ಮಗು ಒಂದು ಸಲ ಕೆಮ್ಮಿದರೆ ಮಾತ್ರ ಹೋಟೆಲಿನ ಚಿಂತೆ ಹಿಂದೆ ಸರಿದು ಕೆಮ್ಮಿನ ಚಿಂತೆ ಮುಂದೆ ಬರುತ್ತಿತ್ತು. ಆ ವರ್ಷ ಊರಿಗೆ ಊರೇ ಫ್ಲೂ ಜ್ವರದಲ್ಲಿ ಮಲಗಿ ಎದ್ದಿತ್ತು, ಕೆಮ್ಮಿಗೆ ಹೆದರಿದ್ದು ತಪ್ಪಲ್ಲ. ಕೆಮ್ಮು ನಿಂತ ಕೂಡಲೇ ಹೋಟೆಲು ವಾಪಸ್ಸು.

ಸರ್ವಮಂಗಳಾ ನಮ್ಮ ಭಾವನ ಮಗಳು. ಭಾವ ಚನ್ನಬಸವಯ್ಯನವರು ತಿಪಟೂರಿನಲ್ಲಿ ಕೊಬ್ಬರಿ ಮಂಡಿ ನಡೆಸುತ್ತಾರೆ. ಮನೆಯ ಮುಂಭಾಗವೇ ಮಂಡಿ, ಮಂಡಿಯಲ್ಲೊಂದು ಟೆಲಿಫೋನು, ಟೆಲಿಫೋನಿನ ಪಕ್ಕದಲ್ಲಿ ಸದಾ ಭಾವ. ಅಲ್ಲಿಂದ ಅವರು ನಮ್ಮವರ ಆಫೀಸಿಗೆ ಫೋನು ಮಾಡಿ ವಿಷಯ ತಿಳಿಸಿದರು. ಹುಡುಗ ಮೈಸೂರಿನವನು, ನಜರ್‌ಬಾದಿನಲ್ಲಿ ಮನೆ, ಓವರ್‌ಸಿಯರ್ ಕೆಲಸ. ಅವರ ಅಜ್ಜಿಗೆ ರೈಲು ಆಗಿಬರುವುದಿಲ್ಲ, ಅಜ್ಜಿ ನೋಡದೆ ಆ ಮನೆಯಲ್ಲಿ ಏನೂ ಆಗುವುದಿಲ್ಲ. ಆದ್ದರಿಂದ ಹೆಣ್ಣು ನೋಡುವ ಶಾಸ್ತ್ರ ಮೈಸೂರಿನಲ್ಲೇ. ಶ್ರಾವಣ ಹುಟ್ಟುತ್ತಲೇ ಬರುತ್ತೇವೆ, ನಿನ್ನ ಹೆಂಡತಿ ಮೈಸೂರಿನಲ್ಲೇ ಓದಿದವಳಲ್ಲವೇ, ಒಳ್ಳೆಯ ಬಡಾವಣೆಯಲ್ಲಿ ಒಳ್ಳೆಯ ಹೋಟೆಲು ನೋಡಿಡಲಿ ಎಂದು ಅಪ್ಪಣೆಯಾಯಿತು.

ಮಹಾರಾಣಿ ಕಾಲೇಜಿನಲ್ಲಿ ನನಗೆ ತರ್ಕಶಾಸ್ತ್ರ ಕಲಿಸಿದ್ದರು, ಹೋಟೆಲು ನೋಡುವುದನ್ನು ಕಲಿಸಿರಲಿಲ್ಲ. ನಮ್ಮ ಮನೆಯಲ್ಲೇ ಇಳಿಸಿಕೊಳ್ಳೋಣವೆಂದರೆ ಕೃಷ್ಣಮೂರ್ತಿಪುರಂನ ವಠಾರದಲ್ಲಿ ನಮಗಿದ್ದುದು ಎರಡು ಕೋಣೆ, ಬಾಗಿಲು ತೆರೆದರೆ ಎದುರಿಗೇ ಎಲ್ಲರ ಬಚ್ಚಲು. ಬೀಗರು ಒಳಗೆ ಬರುವ ಹೊತ್ತಿಗೆ ಯಾರು ಹೇಗೆ ಹೊರಗೆ ಬರುತ್ತಾರೋ ಹೇಳಲಾಗದು.

ಹೆದರಿಕೆಗೆ ಇನ್ನೊಂದು ಕಾರಣವಿತ್ತು. ಹಿಂದಿನ ವರ್ಷ ಸರ್ವಮಂಗಳೆಯನ್ನು ಬೆಂಗಳೂರಿನ ಒಂದು ಲಾಡ್ಜಿನಲ್ಲಿ ತೋರಿಸಿದ್ದರು. ಅವಳು ತಲೆ ತಗ್ಗಿಸಿ ಕೂತ ಗಳಿಗೆಯಲ್ಲೇ ಪಕ್ಕದ ರೂಮಿನಲ್ಲಿ ಇಸ್ಪೀಟಿನ ಜಗಳ ಎದ್ದಿತು. ಗೋಡೆಯಾಚೆಯಿಂದ ಬರಬಾರದ ಮಾತುಗಳೆಲ್ಲ ಬಂದವು. ಗಂಡಿನ ಕಡೆಯವರು ಅರ್ಧ ಕಾಫಿ ಕುಡಿದು ಎದ್ದವರು ಮತ್ತೆ ಉತ್ತರವನ್ನೇ ಕೊಡಲಿಲ್ಲ. ಆ ರೂಮು ಗೊತ್ತುಮಾಡಿದ್ದ ನೆಂಟರ ಪೈಕಿ ಮಹದೇವಣ್ಣನನ್ನು ಇವತ್ತಿಗೂ ಎಲ್ಲರೂ 'ಲಾಡ್ಜು ಮಹದೇವಣ್ಣ' ಎನ್ನುತ್ತಾರೆ. ನಾನು 'ಹೋಟೆಲು ಪ್ರೇಮಲೀಲಾ' ಆಗಿ ಉಳಿದ ಆಯುಷ್ಯ ಕಳೆಯಬೇಕಾಗುತ್ತದೋ ಏನೋ.

ಆಗ ನಾನು ತಿಪಟೂರಿನಲ್ಲೇ ಇದ್ದೆ. ಬೆಂಗಳೂರಿನಿಂದ ವಾಪಸು ಬಂದ ಹುಡುಗಿ ಊಟ ಮಾಡಲಿಲ್ಲ. ಹುಡುಗ ಹೇಗಿದ್ದನೇ ಎಂದು ಕೇಳಿದೆ. 'ಗೊತ್ತಿಲ್ಲ ಚಿಕ್ಕಮ್ಮ, ಬೂಟ್ಸು ಮಾತ್ರ ನೋಡಿದೆ' ಎಂದಳು. ನನಗೆ ನಗು ಬಂತು, ಅವಳಿಗೆ ಬರಲಿಲ್ಲ.

ಈ ಸಲ ಎಲ್ಲರ ಬೇಡಿಕೆಗಳನ್ನೂ ಮೊದಲೇ ತಿಳಿದುಕೊಂಡೆ. ಭಾವನಿಗೆ ಕಾರು ಬಾಗಿಲವರೆಗೂ ಬರುವಂಥ ಅಗಲ ರಸ್ತೆ ಬೇಕು. ಬೀಗರು ಕಾರಿಳಿದು ನೇರವಾಗಿ ಮೆಟ್ಟಿಲು ಹತ್ತಬೇಕು. ನನ್ನ ಓರಗಿತ್ತಿ ಸಿದ್ದಲಿಂಗಮ್ಮನವರಿಗೆ ಬಾವಿ ಬೇಕು. ಅಕ್ಕ ಲಿಂಗಪೂಜೆಯಾಗದೆ ತೊಟ್ಟು ನೀರು ಮುಟ್ಟುವವರಲ್ಲ, ಆ ಪೂಜೆಗೆ ನಲ್ಲಿಯ ನೀರು ಸಲ್ಲದು. ನಲ್ಲಿಯೊಳಗಿನ ಬಿಲ್ಲೆ ಚರ್ಮದ್ದಂತೆ. ಗಂಡಿನ ಕಡೆಯವರಿಗೆ ಅಜ್ಜಿ ಹತ್ತಬಲ್ಲ ಮೆಟ್ಟಿಲು ಬೇಕು. ನನಗೆ ತಿಗಣೆ ಇರಬಾರದು, ಹೊಗೆ ಇರಬಾರದು, ಪುಟ್ಟಿಗೆ ಗಾಳಿ ಬೀಸಬಾರದು.

ಜಟಕಾ ಮಾಡಿಕೊಂಡು ಹೊರಟೆ. ಪುಟ್ಟಿಗೆ ಉಣ್ಣೆಯ ಟೋಪಿ, ಬಗಲಲ್ಲಿ ಕಾಯಿಸಿದ ನೀರಿನ ಫ್ಲಾಸ್ಕು. ದೊಡ್ಡ ಗಡಿಯಾರದ ಹತ್ತಿರ ಒಂದು ಹೋಟೆಲು ನೋಡಿದೆ. ರೂಮು ಚೆನ್ನಾಗಿತ್ತು, ಕಿಟಕಿ ತೆಗೆದರೆ ಅಡುಗೆಮನೆಯ ಹೊಗೆ ಕೊಳವೆ ನೇರ ಒಳಗೇ ಬಾಯಿಟ್ಟಿತ್ತು. ಮ್ಯಾನೇಜರು ಕಿಟಕಿ ಮುಚ್ಚಿ, 'ಈಗ ನೋಡಿ' ಎಂದ. ಸ್ಟೇಷನ್ನಿನ ಹತ್ತಿರ ಇನ್ನೊಂದು. ಅಲ್ಲಿ ಎಂಜಿನ್ ಕೂಗಿದಾಗಲೆಲ್ಲ ಪುಟ್ಟಿ ಬೆಚ್ಚಿದಳು, ಅವಳಿಗಿಂತ ಮೊದಲು ನಾನು ಬೆಚ್ಚಿದೆ. ಲಕ್ಷ್ಮೀಪುರಂನಲ್ಲಿ ಹೊಸದಾಗಿ ಎದ್ದಿದ್ದ ಹೋಟೆಲು ಮಾತ್ರ ಭಾವನಿಗೆಂದೇ ಕಟ್ಟಿಸಿದ ಹಾಗಿತ್ತು. ಕಾರು ನಿಲ್ಲುವ ಪೋರ್ಟಿಕೊ, ಮೊಸಾಯಿಕ್ ನೆಲ, ಮಾತಾಡಿದರೆ ನಮಗೇ ನಾಚಿಕೆಯಾಗುವಷ್ಟು ನಿಶ್ಶಬ್ದ. ಆದರೆ ಬಾವಿ ಇಲ್ಲ. ಪಕ್ಕದ ಮನೆಯ ಬಾವಿಯಿಂದ ಕೊಡದಲ್ಲಿ ನೀರು ತರಿಸಬಹುದೇ ಎಂದು ಕೇಳಿದೆ. ಮ್ಯಾನೇಜರು ಮೊದಲು ನನ್ನ ಮುಖವನ್ನೂ ಆಮೇಲೆ ತನ್ನ ಮೊಸಾಯಿಕ್ಕನ್ನೂ ನೋಡಿದರು. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ಅಕ್ಕ ಉಪವಾಸವಿದ್ದರೆ ಮದುವೆ ಮುರಿಯುವುದಿಲ್ಲ, ನನ್ನ ಮರ್ಯಾದೆ ಮುರಿಯುತ್ತದೆ ಅಷ್ಟೆ ಎಂದು ದಾರಿಯುದ್ದಕ್ಕೂ ತೂಗಿ ನೋಡಿದೆ.

ವಠಾರದ ದಾಕ್ಷಾಯಣಮ್ಮನವರು ನನ್ನ ಗೋಳು ಕೇಳಿ, 'ಮಂಡಿ ಮೊಹಲ್ಲಾದಲ್ಲಿ ಗಿರಿಜಾಂಬನವರ ಮಹಡಿ ಇದೆಯಲ್ಲ, ಬಾವಿ ಇದೆ, ನಮ್ಮವರೇ' ಎಂದರು. ಮಂಡಿ ಮೊಹಲ್ಲಾ ಎಂದದ್ದೇ ಆ ಬೀದಿ ಕಣ್ಣಿಗೆ ಕಟ್ಟಿತು. ಗಾಡಿಗಳು, ಗೂಳಿಗಳು, ಮೆಣಸಿನಕಾಯಿ ಘಾಟು, ಕೆಸರು. ಕಾರಿರಲಿ, ಕೊಡೆ ಬಿಚ್ಚಿಕೊಂಡು ಇಬ್ಬರು ಎದುರಾದರೂ ದಾರಿ ಕಟ್ಟುತ್ತದೆ. ದಾಕ್ಷಾಯಣಮ್ಮನವರು ನಕ್ಕು, 'ಹೋಗಿ ನೋಡಿ. ಆದ್ರೆ ನೀವು ಒಪ್ಪಿದ್ರೆ ಸಾಲ್ದು ಕಣ್ರೀ, ಆಯಮ್ಮ ಒಪ್ಪಬೇಕು' ಎಂದರು.

ಜಟಕಾದವನು ಚೌಕದಲ್ಲೇ ಇಳಿಸಿದ. ಇನ್ನು ಮುಂದಕ್ಕೆ ಕುದುರೆ ಬರುವುದಿಲ್ಲವಂತೆ. ಬೀದಿಯಲ್ಲಿ ಎತ್ತಿನ ಗಾಡಿಗಳು ಒಂದರ ಮೂತಿಗೆ ಒಂದು ತಗುಲಿ ನಿಂತಿದ್ದವು. ಮೂಟೆ ಹೊತ್ತ ಹಮಾಲರು 'ಬಾಜೂ, ಬಾಜೂ' ಎಂದು ಕೂಗುತ್ತ ನನ್ನನ್ನು ಗೋಡೆಗೆ ಅಂಟಿಸಿ ಹೋದರು. ಪುಟ್ಟಿ ಸೀನಿದಳು. ವಾಪಸು ಹೋಗಿಬಿಡೋಣ ಎಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ಒಂದು ದನಿ ಕೇಳಿತು.

"ಬಲಕ್ಕೆ ಬನ್ನಿ ತಾಯಿ, ಎಡಗಡೆ ಗುಂಡಿ ಐತೆ. ಮಗು ಟೋಪಿ ಬಿದ್ದೋಯ್ತು ನೋಡ್ಕಳಿ."

ಕತ್ತೆತ್ತಿದೆ. ಮಹಡಿಯ ಉದ್ದಕ್ಕೂ ಮರದ ಕಟಾಂಜನದ ಬಾಲ್ಕನಿ, ಅದಕ್ಕೆ ಬಿದಿರಿನ ತಟ್ಟಿಯ ಮರೆ. ಮಾತಾಡಿದವರು ಕಾಣಲಿಲ್ಲ. ಅವರಿಗೆ ನಾನು ಚೌಕದಿಂದಲೂ ಕಾಣುತ್ತಲೇ ಬಂದಿದ್ದೆನಂತೆ.

ಕೆಳಗೆ ಬೆಲ್ಲದ ಮಂಡಿ. ಅಲ್ಲಿ ಕೂತಿದ್ದವರು ಗಿರಿಜಾಂಬನವರ ಯಜಮಾನರು ರುದ್ರಸ್ವಾಮಿಗಳು. ಹಣೆಯ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಅವರು ಮಾತಾಡದೆ ಬೆರಳಿನಿಂದ ಮೆಟ್ಟಿಲು ತೋರಿಸಿದರು. ಪಕ್ಕದಲ್ಲಿದ್ದ ಕರಿಯ ಟೆಲಿಫೋನಿಗೂ ವಿಭೂತಿ ಬಳಿದಿತ್ತು.

ಗಿರಿಜಾಂಬನವರು ಕಡಕೊಳದ ಮಗಳು. ನಾನು ಕಂಡಾಗ ಐವತ್ತರ ಆಸುಪಾಸು. ಗುಂಡಗಿನ ಮೈ, ಮೊಣಕೈವರೆಗೂ ಬಳೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಹುಟ್ಟಿದವರ ಹಾಗೆ. ಮಹಡಿಯ ಚರಿತ್ರೆಯನ್ನು ಅವರು ಕೇಳದೆಯೇ ಹೇಳಿದರು. ಅವರ ಮಾವನವರು ಅದನ್ನು ಕಟ್ಟಿಸಿದ್ದು ಬೆಲ್ಲ ಕೂಡಿಡುವುದಕ್ಕೆ. ಮೊದಲ ಮಳೆಗಾಲದಲ್ಲೇ ಬೆಲ್ಲ ಕರಗಿ, ಹಲಗೆಯ ಸಂದಿನಿಂದ ಇಳಿದು, ಕೆಳಗೆ ಕೂತಿದ್ದ ಮಾವನವರ ರುಮಾಲಿನ ಮೇಲೆ ತೊಟ್ಟಿಕ್ಕಿತು. ಮನೆಯ ಇರುವೆಗಳೆಲ್ಲ ಯಜಮಾನರ ತಲೆ ಹತ್ತಿದವು. ಅಂದಿನಿಂದ ಮಹಡಿ ಖಾಲಿ. ಹೊಸದಾಗಿ ಸೊಸೆಯಾಗಿ ಬಂದ ಗಿರಿಜಾಂಬನವರು ದೊಡ್ಡಾಸ್ಪತ್ರೆಗೆ ಬಂದಿದ್ದ ತಮ್ಮೂರಿನ ಒಂದು ಸಂಸಾರವನ್ನು ಅಲ್ಲಿ ಇಳಿಸಿದರು. ಅವರು ಇನ್ನೊಬ್ಬರಿಗೆ ಹೇಳಿದರು, ಆ ಇನ್ನೊಬ್ಬರು ಮತ್ತೊಬ್ಬರಿಗೆ. ಹೆಸರಿನ ಹಲಗೆಯಿಲ್ಲ, ಮ್ಯಾನೇಜರಿಲ್ಲ, ಸಂಸಾರಸ್ಥರಿಗೆ ಮಾತ್ರ ಜಾಗ. ಊಟ ಅವರ ಕೈಯದೇ, ನೀರು ಹಿತ್ತಲಿನ ಬಾವಿಯದು. ಹಲಗೆಯಲ್ಲಿ ಈಗಲೂ ಬೆಲ್ಲದ ವಾಸನೆ. ಮಳೆ ಬಂದರೆ ಇರುವೆಯೂ ಬರುತ್ತದೇನೋ ಎಂದು ನಾನು ಪುಟ್ಟಿಯನ್ನು ನೆಲಕ್ಕೆ ಬಿಡಲೇ ಇಲ್ಲ.

ಅವರು ಪ್ರಶ್ನೆ ಕೇಳಲು ಶುರುಮಾಡಿದರು. ಎಷ್ಟು ಜನ, ಗೊರಕೆ ಯಾರು ಹೊಡೆಯುತ್ತಾರೆ, ಪೂಜೆ ಎಷ್ಟು ಹೊತ್ತು, ಕಾಫಿಗೆ ಬೆಲ್ಲವೋ ಸಕ್ಕರೆಯೋ. ಎಲ್ಲಕ್ಕೂ ನನ್ನಲ್ಲಿ ಉತ್ತರವಿತ್ತು. ಅಕ್ಕನ ಬಾವಿ, ಭಾವನ ಕಾರು, ಅಜ್ಜಿಯ ಮೆಟ್ಟಿಲು, ಎಲ್ಲವನ್ನೂ ಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಹೆಣ್ಣು ತೋರಿಸುವುದಕ್ಕೆ ಬರುತ್ತಿದ್ದಾರೆ ಎಂದಾಗ ಅವರ ಕೈಯಲ್ಲಿದ್ದ ಬೀಸಣಿಗೆ ನಿಂತಿತು.

"ಹುಡುಗಿಗೆ ಎಂಥಾ ಜಾಗ ಬೇಕಂತೆ?"

"ಯಾವ ಹುಡುಗಿಗೆ?" ಎಂದೆ ನಾನು.

"ಅದೇ, ತೋರ್ಸೋ ಹುಡುಗಿಗೆ. ಎಲ್ರುದೂ ಹೇಳಿದ್ರಿ. ಕೇಳಿದ್ರಾ ಅವಳ್ನ?"

ಕೇಳಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣನ್ನು ಏನು ಕೇಳುವುದಿರುತ್ತದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಗಿರಿಜಾಂಬನವರು ನನ್ನ ಕೈಯಿಂದ ಪುಟ್ಟಿಯನ್ನು ಎತ್ತಿಕೊಂಡು ಬಾಲ್ಕನಿಗೆ ನಡೆದರು. ಗಾಳಿ, ಗಾಳಿ ಎನ್ನುತ್ತ ನಾನೂ ಹಿಂದೆಯೇ ಹೋದೆ. ಅಲ್ಲಿ ತಮ್ಮ ಕಥೆಯನ್ನು ಹೇಳಿದರು.

ಅವರನ್ನು ಗಂಡಿನ ಕಡೆಯವರು ನೋಡಿದ್ದು ನಂಜನಗೂಡಿನ ಒಂದು ಮಠದ ಕೊಠಡಿಯಲ್ಲಿ. ತಲೆ ಎತ್ತಕೂಡದೆಂದು ಕಟ್ಟಪ್ಪಣೆ. "ನೆಲ ನೋಡ್ಕಂಡೇ ಕೂತಿದ್ದೆ. ಕಂಡದ್ದು ಇವರ ಕಾಲ್ಬೆರಳು. ಬೆರಳೇನೋ ಚೆನ್ನಾಗಿದ್ವು. ಉಳಿದದ್ದೂ ಚೆನ್ನಾಗೇ ಇತ್ತು ಅನ್ನಿ, ಅದು ನನ್ನ ಪುಣ್ಯ ಕಣಮ್ಮ. ಬೆರಳು ನೋಡಿ ತಿಳ್ಕಂಡದ್ದಲ್ಲ."

ನನಗೆ ಸರ್ವಮಂಗಳೆಯ ಬೂಟ್ಸು ನೆನಪಾಯಿತು.

ಅವರ ತಂಗಿಗೆ ಅಕ್ಕನಷ್ಟು ಪುಣ್ಯ ಇರಲಿಲ್ಲ. ಅವಳನ್ನು ತೋರಿಸಿದ್ದು ನೆಂಟರ ಬಂಗಲೆಯಲ್ಲಿ. ರತ್ನಗಂಬಳಿ ಹಾಸಿದ್ದರು. ಗಂಡು ಪೋರ್ಟಿಕೊದಲ್ಲಿ ಕಾರಿಳಿದು ಸೋಫಾದ ಮೇಲೆ ಕೂತ, ಎದ್ದ, ಕಾರು ಹತ್ತಿದ. ನೋಡುವುದಕ್ಕೆ ಅದರಲ್ಲೇನಿದೆ? ಮದುವೆಯಾದ ಹೊಸತರಲ್ಲಿ ಗಂಡ ಹೆಂಡಿರು ಅಕ್ಕನ ಮನೆಗೆಂದು ಇದೇ ಬೀದಿಯಲ್ಲಿ ನಡೆದು ಬರುತ್ತಿದ್ದರು. ಮುದುಕ ಹಮಾಲನೊಬ್ಬನ ಮೂಟೆ ತಂಗಿಯ ಗಂಡನ ಕೋಟಿಗೆ ಸವರಿತು. ಅವನು ಕೊಡೆ ಮಡಚಿ ಆ ಮುದುಕನಿಗೆ ಬಾರಿಸಿದ, ಬಿದ್ದ ಮೇಲೂ ಬಾರಿಸಿದ. ಗಿರಿಜಾಂಬನವರು ಇದೇ ಬಾಲ್ಕನಿಯಲ್ಲಿ ನಿಂತಿದ್ದರು.

"ನನ್ನ ತಂಗಿ ಮಖ ನೋಡ್ದೆ ನಾನು. ಅವಳು ಗಂಡನ್ನ ಮೊದಲ್ನೇ ಸಲ ನೋಡಿದ್ದು ಅವತ್ತೇ."

ಹಾಗೆಂದು ಪುಟ್ಟಿಯ ಟೋಪಿಯನ್ನು ಬಿಚ್ಚಿ ಬದಿಗಿಟ್ಟರು. ಸೆಕೆ ಆಗುತ್ತದಂತೆ ಮಗುವಿಗೆ.

ಆಮೇಲಿನಿಂದ ಅವರ ಮಹಡಿಯಲ್ಲಿ ಒಂದು ಪದ್ಧತಿ. ಹೆಣ್ಣು ನೋಡಲು ಬರುವವರು ಯಾರೇ ಇರಲಿ, ಎಂಥ ಕಾರಿನಲ್ಲೇ ಬರಲಿ, ಚೌಕದಲ್ಲಿ ಇಳಿದು ಈ ಬೀದಿಯನ್ನು ನಡೆದೇ ದಾಟಬೇಕು. ಗಾಡಿ, ಕೆಸರು, ಹಮಾಲರು, ಗೂಳಿ, ಎಲ್ಲ ಎದುರಾಗುತ್ತವೆ. ಹುಡುಗಿ ತಟ್ಟಿಯ ಹಿಂದೆ ನಿಂತು ನೋಡುತ್ತಾಳೆ. ಜೊತೆಯ ಅಜ್ಜಿಯ ಕೈ ಹಿಡಿದು ಬರುತ್ತಾನೋ, ತಾನೊಬ್ಬನೇ ಮುಂದೆ ನುಗ್ಗುತ್ತಾನೋ. ಮೂಟೆಯವನಿಗೆ ದಾರಿ ಬಿಡುತ್ತಾನೋ, ಬಯ್ಯುತ್ತಾನೋ. ಮೆಟ್ಟಿಲು ಹತ್ತಿ ಬಂದ ಮೇಲೆ ಎಲ್ಲರೂ ಒಂದೇ ಥರ ಕೂರುತ್ತಾರೆ, ಒಂದೇ ಥರ ಉಪ್ಪಿಟ್ಟು ತಿನ್ನುತ್ತಾರೆ. ಬೇಡವೆನಿಸಿದರೆ ಹುಡುಗಿ ಗಿರಿಜಾಂಬನವರ ಸೆರಗು ಎಳೆದರೆ ಸಾಕು.

"ನಾನು ಕೆಳಗೋಗಿ ಹುಡುಗಿಗೆ ಮೈ ಸರಿ ಇಲ್ಲ ಅಂತ ಹೇಳ್ಬುಡ್ತೀನಿ. ಈ ವರ್ಷ ಅಂತೂ ಸಲೀಸು, ಫ್ಲೂ ಅಂದ್ರೆ ಸಾಕು, ಕಾಫಿನೂ ಕೇಳ್ದೆ ಓಡೋಯ್ತಾರೆ."

ತಿಪಟೂರಿನಿಂದ ಗಂಟು ಕಟ್ಟಿಕೊಂಡು ಬಂದ ಭಾವನ ಎದುರಿಗೆ, ಬಂದ ಬೀಗರನ್ನು ಮೆಟ್ಟಿಲಿಂದಲೇ ತಿರುಗಿಸಿ ಕಳಿಸುವುದೇ? ನನಗೆ ಆ ಮನೆಯಲ್ಲಿ ಮತ್ತೆ ಮುಖ ತೋರಿಸುವುದಕ್ಕಾಗುತ್ತದೆಯೇ? ತರ್ಕಶಾಸ್ತ್ರ ಓದಿದವಳ ಹಾಗೆ ಒಂದು ಪಾಟೀಸವಾಲು ಹಾಕಿದೆ. ಕೆಸರಿನಲ್ಲಿ ಚೆನ್ನಾಗಿ ನಡೆದವನೆಲ್ಲ ಒಳ್ಳೆಯ ಗಂಡನಾಗುತ್ತಾನೆಂದು ಏನು ಗ್ಯಾರಂಟಿ, ನಿಮ್ಮ ಲೆಕ್ಕ ಒಂದು ಸಲವೂ ತಪ್ಪಿಲ್ಲವೇ ಎಂದೆ.

ಗಿರಿಜಾಂಬನವರು ಜೋರಾಗಿ ನಕ್ಕುಬಿಟ್ಟರು. ತಪ್ಪಿತ್ತಂತೆ. ಚಾಮರಾಜನಗರದ ಕಡೆಯ ಒಬ್ಬ ಹುಡುಗ ಎರಡು ಕೈಯಲ್ಲೂ ಪಂಚೆ ಎತ್ತಿಹಿಡಿದು, ಕೊಕ್ಕರೆಯ ಹಾಗೆ ಗುಂಡಿಯಿಂದ ಗುಂಡಿಗೆ ಹಾರುತ್ತ ಬಂದ. ಇಷ್ಟು ಕೆಸರಿಗೆ ಹೆದರುವವನು ಹೆಂಡತಿಯನ್ನು ಏನು ಸಾಕುತ್ತಾನೆ, ಈ ಕುಪ್ಪಳಿಸುವವನು ಬೇಡ ಎಂದು ಇವರು ಹುಡುಗಿಯ ಕಿವಿಯಲ್ಲಿ ಹೇಳಿದರು. ಹುಡುಗಿ ಸೆರಗು ಎಳೆಯಲೇ ಇಲ್ಲ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತಿದ್ದಳು. ಒಬ್ಬನೇ ಇದ್ದಾಗ ಹಾಡು ಹೇಳಿಕೊಳ್ಳುತ್ತಾನೆ, ನೋಡಿ ತುಟಿ ಆಡುತ್ತಿದೆ ಎಂದಳು. ಮದುವೆಯಾಯಿತು. ಪ್ರತಿ ವರ್ಷ ಚಾಮುಂಡಿ ಬೆಟ್ಟಕ್ಕೆ ಬಂದಾಗ ಇಲ್ಲೇ ಇಳಿಯುತ್ತಾರೆ. ಅಪ್ಪ ಮುಂದೆ, ಮಕ್ಕಳು ಹಿಂದೆ, ಎಲ್ಲರೂ ಬೀದಿಯುದ್ದಕ್ಕೂ ಕುಪ್ಪಳಿಸಿಕೊಂಡೇ ಬರುತ್ತಾರೆ.

"ಅದಕ್ಕೇ ಈಗ ನಾನು ಬಾಯಿ ಹಾಕಕ್ಕಿಲ್ಲ. ಕಟ್ಕಳೋಳು ನೋಡ್ಕಳ್ಳಿ. ನಂದು ಬರೀ ಬಾಲ್ಕನಿ."

ಹೀಗೆ ಹೇಳುತ್ತಲೇ ಅವರು ಪುಟ್ಟಿಗೆ ಬೆಲ್ಲದ ಚೂರೊಂದನ್ನು ನೆಕ್ಕಿಸಿದರು. ನಾನು ಬೇಡ ಎನ್ನುವಷ್ಟರಲ್ಲಿ ಮಗು ಚಪ್ಪರಿಸಿ ಇನ್ನೊಂದಕ್ಕೆ ಕೈಚಾಚಿತ್ತು. ಬೆಲ್ಲ ಕಾಯಿಸಿ ಸೋಸಿದ್ದಲ್ಲ, ರಾತ್ರಿ ಹೊಟ್ಟೆನೋವು ಬಂದರೆ ಎಂಬ ಯೋಚನೆಯೂ ನನ್ನ ಯೋಚನೆಗಳ ಸಾಲಿಗೆ ಸೇರಿತು.

ಬೀದಿಯಲ್ಲಿ ಒಂದು ಗಾಡಿಯ ಚಕ್ರ ಗುಂಡಿಗೆ ಇಳಿದು ಹಿಂದಿನದೆಲ್ಲ ನಿಂತುಹೋಯಿತು. ಟೈ ಕಟ್ಟಿದ್ದ ಯಾರೋ ಗಡಿಯಾರ ನೋಡಿಕೊಂಡು ಗಾಡಿಯವನ ಮೇಲೆ ರೇಗುತ್ತಿದ್ದರು. ಇನ್ನೊಬ್ಬರು ಸೈಕಲ್ಲನ್ನು ಗೋಡೆಗೊರಗಿಸಿ ಚಕ್ರಕ್ಕೆ ಕೈ ಕೊಟ್ಟರು. ಇಬ್ಬರೂ ಯಾರೋ ನನಗೆ ಗೊತ್ತಿಲ್ಲ. ಆದರೆ ಕಟಾಂಜನಕ್ಕೆ ಒರಗಿ ನಿಂತ ನಾನು ಅವರ ಪೈಕಿ ಯಾರಿಗೆ ಹೆಣ್ಣು ಕೊಡಬಹುದೆಂದು ಆಗಲೇ ತೀರ್ಮಾನಿಸುತ್ತಿದ್ದೆ. ಸೈಕಲ್ಲಿನವರಿಗೆ ಮದುವೆಯಾಗಿದೆಯೋ ಏನೋ ಎಂದು ಸಹ ಯೋಚಿಸಿದೆ. ಲಕ್ಷ್ಮೀಪುರಂನ ಪೋರ್ಟಿಕೊದಲ್ಲಿ ನಿಂತರೆ ಏನು ಕಾಣುತ್ತದೆ? ಕಾರಿನ ಬಾಗಿಲು ಕಾಣುತ್ತದೆ. ಆಮೇಲೆ ಬೂಟ್ಸು.

ರೂಮು ನಮಗೇ ಇರಲಿ ಎಂದೆ. ಗಿರಿಜಾಂಬನವರು ಆಗದೆಂದು ತಲೆಯಾಡಿಸಿದರು. ಹುಡುಗಿಯೇ ಬರುತ್ತೇನೆಂದು ಹೇಳಿದರೆ ಮಾತ್ರ ಕೊಡುತ್ತಾರಂತೆ. ಅವಳಿಗೆ ಪೋರ್ಟಿಕೊವೇ ಬೇಕೆನಿಸಿದರೆ ಅದೂ ಸರಿಯೇ, ತಮ್ಮದೇನೂ ಬಲವಂತವಿಲ್ಲ. ಮುಂಚೆ ಕೇಳದೆ ಕರೆತಂದ ಒಬ್ಬಳು ತಟ್ಟಿಯ ಹಿಂದೆ ನಿಲ್ಲುವುದಕ್ಕೇ ಹೆದರಿ ಅತ್ತುಬಿಟ್ಟಿದ್ದಳಂತೆ.

ಸಂಜೆ ನಮ್ಮವರಿಂದ ಆಫೀಸಿನ ಫೋನಿನಲ್ಲಿ ಕೇಳಿಸುತ್ತೇನೆ ಎಂದೆ.

"ನಿಮ್ಮೋರು ಮಾಡಿದ್ರೆ ನಿಮ್ಮ ಭಾವ ಎತ್ಕೋತಾರೆ. ಅಣ್ಣ ತಮ್ಮ ಇಬ್ರೂ ಕೊಬ್ಬರಿ ಧಾರಣೆ ಮಾತಾಡಿ ಇಟ್ಬುಡ್ತಾರೆ. ಕೆಳಗೆ ಫೋನೈತೆ. ನೀವೇ ಮಾಡಿ."

ಭಾವನೊಂದಿಗೆ ನಾನು ಇಂದಿನವರೆಗೆ ನೇರವಾಗಿ ಮಾತಾಡಿದವಳಲ್ಲ. ಬಾಗಿಲ ಸಂದಿನಿಂದ 'ಹೂಂ' ಎಂದಿದ್ದೇನೆ, ಅದೂ ಅಕ್ಕನ ಬೆನ್ನ ಹಿಂದೆ ನಿಂತು. ಫೋನಿನಲ್ಲಿ ಮಾತಾಡಿದರೆ ಎದುರಿಗೆ ನಿಂತು ಮಾತಾಡಿದಂತೆಯೋ, ಬಾಗಿಲ ಹಿಂದೆ ನಿಂತು ಮಾತಾಡಿದಂತೆಯೋ? ಫೋನೆತ್ತಿ 'ಭಾವ, ನಿಮ್ಮ ಮಗಳನ್ನು ಕರೆಯಿರಿ' ಎನ್ನುವುದಕ್ಕೆ ನನ್ನ ನಾಲಿಗೆ ಹೊರಳುವುದುಂಟೇ? ಏಕೆ ಎಂದು ಕೇಳಿದರೆ ಏನು ಹೇಳಲಿ? ಇಷ್ಟೆಲ್ಲವನ್ನೂ ಗಿರಿಜಾಂಬನವರ ಹಿಂದೆ ಮೆಟ್ಟಿಲಿಳಿಯುತ್ತ ಹೇಳಿಕೊಂಡೆ. ಬೆಲ್ಲದ ಅಚ್ಚುಗಳ ನಡುವೆ ಕೂತಿದ್ದ ರುದ್ರಸ್ವಾಮಿಗಳು ಹೊರಗೆ ಹೋಗಿ ಎಲೆ ಅಡಿಕೆ ಉಗಿದು ಬಂದು, ಆ ದಿನ ನಾನು ಕೇಳಿದ ಅವರ ಏಕೈಕ ಮಾತನ್ನಾಡಿದರು.

"ಪಿ.ಪಿ. ಕಾಲ್ ಹಾಕ್ಸಿ."

ಟ್ರಂಕ್ ಕಾಲಿನಲ್ಲಿ ಹಾಗೊಂದು ಅನುಕೂಲವಿದೆ. ಇಂಥವರೇ ಬೇಕು ಎಂದು ಹೆಸರು ಕೊಟ್ಟರೆ, ಅವರು ಬಂದು ಫೋನು ಹಿಡಿಯುವವರೆಗೂ ಆಪರೇಟರು ಬೇರೆಯವರಿಗೆ ಕೊಡುವುದಿಲ್ಲ. ನಾನು ಕರೆಯಬೇಕಾಗಿಲ್ಲ, ಸರ್ಕಾರವೇ ಕರೆಯುತ್ತದೆ. ರುದ್ರಸ್ವಾಮಿಗಳು ಫೋನನ್ನು ನನ್ನ ಕಡೆ ತಳ್ಳಿದರು. ಎಕ್ಸ್‌ಚೇಂಜಿಗೆ ತಿಪಟೂರಿನ ನಂಬರು ಹೇಳಿ, ಸರ್ವಮಂಗಳಾ ಎಂಬ ಹೆಸರು ಕೊಟ್ಟು, ಫೋನಿಟ್ಟು, ಲೈನು ಸಿಗದಿರಲಪ್ಪ ಎಂದು ಬೇಡಿಕೊಂಡೆ. ಮನೆಗೆ ಹೋಗಿ ನಮ್ಮವರನ್ನು ಒಂದು ಮಾತು ಕೇಳಿ ನಾಳೆ ಬರಬಹುದಿತ್ತಲ್ಲ ಎನಿಸಿತು. ಎದ್ದೂ ನಿಂತೆ. ಪುಟ್ಟಿ ಗಿರಿಜಾಂಬನವರ ತೊಡೆಯ ಮೇಲೆ ಬಾಯಿ ಅಂಟು ಮಾಡಿಕೊಂಡು ನಿದ್ದೆ ಹೋಗಿದ್ದಳು. ಎತ್ತಿಕೊಂಡರೆ ಎಚ್ಚರವಾದೀತೆಂದು ಮತ್ತೆ ಕೂತೆ.

ಫೋನು ಬಡಿದುಕೊಂಡಿತು. ಮಂಡಿಯಲ್ಲಿದ್ದ ಹಮಾಲರೂ ತಿರುಗಿ ನೋಡಿದರು. ಎರಡೂ ಕೈಯಲ್ಲಿ ಹಿಡಿದು ಕಿವಿಗಿಟ್ಟುಕೊಂಡೆ. ಗರಗರ ಸದ್ದಿನ ಆಚೆ ಭಾವನ ಗಂಟಲು 'ಹಲೋ, ಕೊಬ್ಬರಿ ಮಂಡಿ' ಎಂದಿತು. ನಾನು ಉಸಿರು ಬಿಗಿಹಿಡಿದೆ. ಮಾತಾಡಿದವಳು ಆಪರೇಟರು.

"ಮೈಸೂರಿಂದ ಸರ್ವಮಂಗಳಾ ಅವರಿಗೆ ಪಿ.ಪಿ. ಕಾಲ್."

"ಯಾರಿಗೆ?"

"ಸರ್ವಮಂಗಳಾ ಅವರಿಗೆ. ಇದಾರೇನ್ರಿ?"

"ಇದಾಳೆ. ನಾನು ಅವರ ತಂದೆ ಮಾತಾಡ್ತಿರೋದು."

"ಅವರನ್ನ ಕರೀರಿ, ಬೇಗ."

ನಮ್ಮ ಭಾವನಿಗೆ ಹೀಗೆ ಹೇಳಿದವರನ್ನು ನಾನು ಕಂಡಿಲ್ಲ. ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ದೂರದಲ್ಲಿ ಮಗಳನ್ನು ಕರೆಯುವ ದನಿ, ಬಳೆಯ ಸದ್ದು, ಏದುಸಿರು.

"ಯಾರು, ಚಿಕ್ಕಮ್ಮನಾ? ಪುಟ್ಟಿ ಚೆನ್ನಾಗಿದಾಳಾ?"

ಪುಟ್ಟಿ ಚೆನ್ನಾಗಿದ್ದಾಳೆ, ಎಲ್ಲರೂ ಚೆನ್ನಾಗಿದ್ದೇವೆ ಎಂದು ಹೇಳುವುದರಲ್ಲೇ ಎಷ್ಟು ಹೊತ್ತು ಕಳೆಯಿತೋ. ಗಿರಿಜಾಂಬನವರು ನನ್ನ ಮೊಣಕೈ ತಿವಿದರು.

"ಸರ್ವಮಂಗಳಾ, ನಿನಗೆ ಎಂಥಾ ರೂಮು ಬೇಕೇ?"

"ನಂಗಾ?"

ಲೈನು ಹೋದೀತೆಂದು ಗಾಬರಿಯಾಗಿ ಒಂದೇ ಉಸಿರಿನಲ್ಲಿ ಎಲ್ಲ ಸುರಿದುಬಿಟ್ಟೆ. ಲಕ್ಷ್ಮೀಪುರಂನಲ್ಲಿ ಮೊಸಾಯಿಕ್ ನೆಲದ ಹೋಟೆಲಿದೆ, ಕಾರು ಒಳಗೇ ಬರುತ್ತದೆ. ಮಂಡಿ ಮೊಹಲ್ಲಾದಲ್ಲಿ ಒಂದು ಮಹಡಿಯಿದೆ, ಬೀದಿಯ ಮೇಲೆ ಬಾಲ್ಕನಿ, ಬಿದಿರಿನ ತಟ್ಟಿ. ಅವರು ಚೌಕದಿಂದ ನಡೆದು ಬರಬೇಕು. ಬೇಡ ಅನ್ನಿಸಿದರೆ ಮೆಟ್ಟಿಲು ಹತ್ತುವ ಮೊದಲೇ ಹೇಳಬಹುದು. ನಿಮ್ಮಪ್ಪ ಬಯ್ದರೆ ನಾನಿದ್ದೇನೆ ಎಂದೆ. ಈ ಕೊನೆಯ ಮಾತು ನನ್ನ ಬಾಯಿಂದ ಹೇಗೆ ಬಂತೋ ಈಗಲೂ ಗೊತ್ತಿಲ್ಲ.

"ಮೇಲಿಂದ ಕಾಣತ್ತಾ ಚಿಕ್ಕಮ್ಮ?" ದನಿ ಬಹಳ ತಗ್ಗಿತ್ತು.

"ಕಾಣತ್ತೆ."

"ಮುಖ?"

"ಮುಖ, ನಡಿಗೆ, ಕೊಡೆ, ಎಲ್ಲಾ."

"ಹಾಗಾದ್ರೆ ಮಹಡೀನೇ." ಮತ್ತೆ ಸ್ವಲ್ಪ ತಡೆದು, "ಅಪ್ಪ ಪಕ್ಕದಲ್ಲೇ ನಿಂತಿದಾರೆ. ಕಾರು ಬಾಗಿಲಿಗೆ ಬರತ್ತಾ ಅಂತ ಕೇಳ್ತಿದಾರೆ."

ಹೊರಗೆ ಚಕ್ರ ಇಳಿದಿದ್ದ ಗಾಡಿ ಮೇಲೆದ್ದಿತ್ತು, ಈಗ ಅದರ ಹಿಂದಿನದು ಇಳಿದಿತ್ತು.

"ಬರಲ್ಲ ಅಂತ ಹೇಳು," ಎಂದೆ. "ಚಿಕ್ಕಮ್ಮ ನೋಡಿ ಗೊತ್ತುಮಾಡಿದಾಳೆ ಅಂತ್ಲೂ ಹೇಳು."

ಅವಳು ಫೋನಿಗೆ ಕೈ ಅಡ್ಡ ಹಿಡಿದು ಅಪ್ಪನಿಗೆ ಏನೋ ಹೇಳಿದಳು. ಏನು ಹೇಳಿದಳೋ, ಭಾವನ ಗಂಟಲಿನಿಂದ ಒಂದು 'ಹೂಂ' ಬಂತು. ಬಾಗಿಲ ಸಂದಿನಿಂದ ನಾನು ಹೇಳುತ್ತಿದ್ದಂಥದೇ 'ಹೂಂ'. ನಾನು ಗಿರಿಜಾಂಬನವರ ಕಡೆ ತಿರುಗಿ ತಲೆಯಾಡಿಸಿದೆ. ಅವರು ರುದ್ರಸ್ವಾಮಿಗಳ ಕಡೆ ತಿರುಗಿ ತಲೆಯಾಡಿಸಿದರು. ರುದ್ರಸ್ವಾಮಿಗಳು ಇನ್ನೊಂದು ಎಲೆಗೆ ಸುಣ್ಣ ಹಚ್ಚತೊಡಗಿದರು.

"ತ್ರೀ ಮಿನಿಟ್ಸ್," ಎಂದಳು ಆಪರೇಟರು.

ಲೈನು ಕಡಿಯುವ ಮುಂಚೆ ಸರ್ವಮಂಗಳಾ ಇನ್ನೊಂದು ಮಾತು ತೂರಿಸಿದಳು. ಈ ಸಲ ಅವಳ ದನಿಯಲ್ಲಿ ನಗುವಿತ್ತು.

"ಚಿಕ್ಕಮ್ಮಾ, ಅವತ್ತು ಮಳೆ ಬರ್ಲಿ ಅಂತ ಬೇಡ್ಕೊಳಿ."